ಜಪಾನ್‌ಗೆ ಬರ್ತಿದೀರಾ? ಇಲ್ಲಿನ ನಡವಳಿಕೆ ಬಗ್ಗೆ ಎಲ್ಲರೂ ಪದೇ ಪದೇ ಕೇಳೋ ಪ್ರಶ್ನೆಗಳು

ಊರಿಂದ ಯಾರೇ ಜಪಾನ್‌ಗೆ ಹೊರಟ್ರೂ ವಾಟ್ಸಾಪ್‌ನಲ್ಲಿ ನಂಗೆ ಬರೋ ಪ್ರಶ್ನೆಗಳು ಹೆಚ್ಚು ಕಮ್ಮಿ ಇವೇ. ಪ್ರತಿ ಸಲ ಹೊಸದಾಗಿ ಟೈಪ್ ಮಾಡೋ ಬದ್ಲು ಒಂದು ಕಡೆ ಬರೆದಿಟ್ಟಿದೀನಿ. ಟೋಕಿಯೋ, ಕ್ಯೋಟೋ, ಒಸಾಕಾ ಅಂತ ಒಂದೆರಡು ವಾರ ಸುತ್ತೋರಿಗೆ ಸಾಕಾಗತ್ತೆ. ಆಫೀಸ್ ಕೆಲಸದ ಮೇಲೆ ಬರೋರಿಗೆ ಬೇಕಾಗಿದ್ದು ಕೆಳಗಡೆ ಇದೆ.

ತುಂಬಾ ರೂಲ್ಸ್ ಅಂತೆ, ತಪ್ಪು ಮಾಡಿದ್ರೆ ಬೈತಾರಾ?

ಬೈಯಲ್ಲ. ತೊಂದ್ರೆ ಇರೋದೇ ಅಲ್ಲಿ. ನಮ್ಮೂರಲ್ಲಾದ್ರೆ "ರೀ ಸ್ವಲ್ಪ ಆ ಕಡೆ ಸರೀರಿ" ಅಂತ ಯಾರಾದ್ರೂ ಹೇಳ್ತಾರೆ, ನಾವೂ ಸರೀತೀವಿ, ಮುಗೀತು. ಇಲ್ಲಿ ಪಕ್ಕದಲ್ಲಿ ಇರೋರಿಗೆ ಎಷ್ಟೇ ಕಿರಿಕಿರಿ ಆಗ್ತಿದ್ರೂ ಮುಖದಲ್ಲಿ ತೋರ್ಸಲ್ಲ, ಜಾಸ್ತಿ ಅಂದ್ರೆ ಎದ್ದು ಬೇರೆ ಕಡೆ ಹೋಗಿ ನಿಂತ್ಕೋತಾರೆ, ನಮಗೆ ಕಾರಣಾನೇ ಗೊತ್ತಾಗಲ್ಲ.

ಇನ್ನೊಂದು ಏನಂದ್ರೆ ಬರೋರೆಲ್ಲ ತಲೆ ಕೆಡಿಸ್ಕೊಳ್ಳೋದು ಎಷ್ಟು ಬಗ್ಬೇಕು, ಚಾಪ್‌ಸ್ಟಿಕ್ ಹೆಂಗೆ ಹಿಡೀಬೇಕು, ಥ್ಯಾಂಕ್ಸ್ ಜಪಾನೀಸ್‌ನಲ್ಲಿ ಹೆಂಗೆ ಹೇಳ್ಬೇಕು ಅನ್ನೋದ್ರ ಬಗ್ಗೆ. ಅದ್ರಲ್ಲೆಲ್ಲ ಹೊರಗಿನೋರಿಗೆ ಪೂರ್ತಿ ಮಾಫಿ ಇದೆ, ಯಾರೂ ಲೆಕ್ಕ ಇಡಲ್ಲ. ಇಲ್ಲಿನ ಜನಕ್ಕೆ ನಿಜವಾಗ್ಲೂ ಬೇಜಾರಾಗೋದು ರೈಲಲ್ಲಿ ಜೋರಾಗಿ ಮಾತಾಡೋದು, ದಾರಿಗೆ ಅಡ್ಡ ಸೂಟ್‌ಕೇಸ್ ನಿಲ್ಸೋದು, ಹೋಟ್ಲಲ್ಲಿ ಟೇಬಲ್ ಬುಕ್ ಮಾಡಿ ಹೋಗದೇ ಇರೋದು, ಕೇಳ್ದೇ ಫೋಟೋ ತೆಗ್ಯೋದು, ಆಮೇಲೆ ಕಸ. ಹಾಗಾಗಿ ಬಗ್ಗೋ ಪ್ರಾಕ್ಟೀಸ್ ಬಿಟ್ಟು ಈ ಐದ್ರ ಕಡೆ ಗಮನ ಕೊಡಿ.

ಬಗ್ಬೇಕಾ, ನಮಸ್ಕಾರ ಮಾಡ್ಬೇಕಾ, ಶೇಕ್‌ಹ್ಯಾಂಡ್ ಕೊಡ್ಬೇಕಾ?

ಅಂಗಡಿ, ಹೋಟ್ಲು, ರಸ್ತೇಲಿ ಸ್ವಲ್ಪ ತಲೆ ಬಗ್ಗಿಸಿದ್ರೆ ಸಾಕು. ಅಂಗಡಿಯೋರು ಸೊಂಟದವರೆಗೂ ಬಗ್ಗಿ ಸ್ವಾಗತ ಮಾಡಿದ್ರೆ ನೀವೂ ಅಷ್ಟೇ ಬಗ್ಗೋ ಅಗತ್ಯ ಇಲ್ಲ. ಅವರಾಗೇ ಕೈ ಚಾಚಿದ್ರೆ ಶೇಕ್‌ಹ್ಯಾಂಡ್ ಕೊಡಿ, ನೀವಾಗೇ ಚಾಚ್ಬೇಡಿ, ತಬ್ಕೊಳ್ಳೋದಂತೂ ಬೇಡವೇ ಬೇಡ. ಕೈ ಮುಗಿದ್ರೆ ತಪ್ಪೇನಿಲ್ಲ, ಆದ್ರೆ ಇಲ್ಲಿ ಅದು ದೇವ್ರ ಮುಂದೆ, ಊಟಕ್ಕೆ ಮುಂಚೆ, ಇಲ್ಲಾಂದ್ರೆ ಸಾರಿ ಕೇಳುವಾಗ ಮಾಡೋದು.

ಒಂದು ವಿಷಯ ಹುಷಾರು, ನಮ್ಮ ತಲೆ ಅಲ್ಲಾಡಿಸೋದು. ನಾವು "ಸರಿ ಸರಿ" ಅಂತ ತಲೆ ಅತ್ತ ಇತ್ತ ತೂಗಿದ್ರೆ ಇವ್ರಿಗೆ ಅದು "ಬೇಡ" ಅಂದಂಗೆ ಕಾಣತ್ತೆ, ವೇಟರ್ ಪ್ಲೇಟ್ ಎತ್ಕೊಂಡು ವಾಪಸ್ ಹೋಗ್ಬಹುದು. ಮೇಲೆ ಕೆಳಗೆ ಆಡಿಸಿ. ಅಂಗೈ ಕೆಳಗೆ ಮಾಡಿ ಬೆರಳು ಆಡ್ಸಿ ಕರ್ಯೋದು ಮಾತ್ರ ನಮ್ಮ ತರಾನೇ, ಅದ್ರಲ್ಲಿ ಗೊಂದಲ ಇಲ್ಲ.

ಹೆಸರು ಹೆಂಗೆ ಕರೀಬೇಕು?

ಮನೆತನದ ಹೆಸರು, ಆಮೇಲೆ "ಸಾನ್". ತನಾಕಾ-ಸಾನ್, ಸುಜುಕಿ-ಸಾನ್ ಹೀಗೆ. ನಿಮ್ಮ ಹೆಸರಿಗೆ ನೀವೇ ಸಾನ್ ಹಾಕ್ಕೋಬಾರ್ದು. ಇದ್ರಲ್ಲಿ ನಮ್ಮೋರಿಗೊಂದು ಸ್ಪೆಷಲ್ ಕಾಮಿಡಿ ಇದೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮೇ ಇರಲ್ಲ, ಪಾಸ್‌ಪೋರ್ಟ್ ಮಾಡ್ಸೋವಾಗ ಇನಿಶಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಆ ಜಾಗಕ್ಕೆ ಹಾಕಿರ್ತೀವಿ. ಇಲ್ಲಿ ಹೋಟೆಲ್ ರಿಸೆಪ್ಷನ್‌ನಲ್ಲಿ ಅದನ್ನೇ ಓದಿ ಬಹಳ ಗೌರವದಿಂದ "ಹೊಳೆನರಸೀಪುರ-ಸಾನ್" ಅಂತ ಕರೀತಾರೆ, ಆಸ್ಪತ್ರೆಗೆ ಹೋದ್ರೆ ನಿಮ್ಮ ಅಪ್ಪನ್ನ ಕೂಗ್ತಾರೆ. ಎದ್ದು ಹೋಗಿ, ನಿಮ್ಮನ್ನೇ ಕರೀತಿರೋದು.

ಚಪ್ಪಲಿ ಎಲ್ಲೆಲ್ಲಿ ಬಿಡ್ಬೇಕು?

ಈ ವಿಷ್ಯದಲ್ಲಿ ನಮಗೆ ಯಾರೂ ಪಾಠ ಹೇಳ್ಬೇಕಿಲ್ಲ. ಮನೆ, ದೇವಸ್ಥಾನದ ಒಳಗಡೆ, ಹಳೇ ಶೈಲಿಯ ವಸತಿಗೃಹ, ಕೆಲವು ರೆಸ್ಟೋರೆಂಟ್, ಕೆಲವು ಕ್ಲಿನಿಕ್ ಎಲ್ಲಾ ಕಡೆ ಬಿಡ್ಬೇಕು. ಬಾಗ್ಲಲ್ಲೇ ನೆಲ ಒಂದು ಮೆಟ್ಟಿಲು ತಗ್ಗಾಗಿರತ್ತೆ, ಅದು ಗೆಂಕಾನ್. ಶೂ ಬಿಚ್ಚಿ ಆ ತಗ್ಗಿನ ನೆಲದ ಮೇಲೇ ಸಾಕ್ಸ್ ಕಾಲು ಊರ್ಬೇಡಿ, ನೇರ ಮೇಲಕ್ಕೆ ಹತ್ತಿ. ಆಮೇಲೆ ಶೂ ತುದಿ ಬಾಗ್ಲ ಕಡೆ ಇರೋ ಹಾಗೆ ತಿರುಗಿಸಿ ಇಡಿ.

ಎಡವಟ್ಟಾಗೋದು ಒಳಗಿನ ಸ್ಲಿಪ್ಪರ್ ವಿಷ್ಯದಲ್ಲಿ. ಹುಲ್ಲಿನ ಚಾಪೆ ಹಾಸಿದ ತಾತಾಮಿ ರೂಮಿಗೆ ಸ್ಲಿಪ್ಪರೂ ಬೇಡ, ಬರೀ ಸಾಕ್ಸ್. ಟಾಯ್ಲೆಟ್‌ಗೆ ಬೇರೆ ಸ್ಲಿಪ್ಪರ್ ಇರತ್ತೆ, ಅದನ್ನ ಅಲ್ಲೇ ಬಿಟ್ಟು ಬರ್ಬೇಕು, ಮರೆತು ಹಾಲ್‌ಗೆ ಹಾಕ್ಕೊಂಡು ಬಂದ್ರೆ ಮಾತ್ರ ಮನೆಯೋರು ನಗು ತಡ್ಕೊಳ್ಳೋಕೆ ಒದ್ದಾಡ್ತಾರೆ. ತೂತಿಲ್ಲದ ಸಾಕ್ಸ್ ಪ್ಯಾಕ್ ಮಾಡಿ, ಲೇಸ್ ಇಲ್ಲದ ಶೂ ತನ್ನಿ.

ರೈಲಲ್ಲಿ ಫೋನಲ್ಲಿ ಮಾತಾಡೋ ಹಾಗೇ ಇಲ್ವಾ?

ಇಲ್ಲ. ಫೋನ್ ಸೈಲೆಂಟ್‌ಗೆ ಹಾಕಿ, ಕಾಲ್ ಬಂದ್ರೆ ಎತ್ತಬೇಡಿ, ಅರ್ಜೆಂಟ್ ಇದ್ರೆ ಮುಂದಿನ ಸ್ಟೇಷನ್‌ನಲ್ಲಿ ಇಳ್ದು ಮಾತಾಡಿ, ಹೆಂಗೂ ಮೂರು ನಿಮಿಷಕ್ಕೆ ಇನ್ನೊಂದು ರೈಲು ಬರತ್ತೆ. ಶಿಂಕಾನ್ಸೆನ್ ಅಂದ್ರೆ ಬುಲೆಟ್ ರೈಲಲ್ಲಾದ್ರೆ ಎರಡು ಬೋಗಿ ಮಧ್ಯದ ಬಾಗ್ಲ ಹತ್ರ ಹೋಗಿ ಮಾತಾಡ್ಬಹುದು. ಪಕ್ಕದಲ್ಲಿರೋರ ಜೊತೆ ಮೆಲ್ಲಗೆ ಮಾತಾಡಿದ್ರೆ ತೊಂದ್ರೆ ಇಲ್ಲ. ಆದ್ರೆ ನಾವು ಎಂಟು ಜನ ಒಟ್ಟಿಗೆ ಹತ್ತಿ ಬೋಗಿಯ ಆ ತುದಿಯಿಂದ ಈ ತುದಿಗೆ "ಲೇ ಇಳಿಯೋದು ಯಾವ್ದೋ" ಅಂತ ಕೂಗೋದು, ಸ್ಪೀಕರ್‌ನಲ್ಲಿ ರೀಲ್ಸ್ ಹಾಕೋದು, ಇದನ್ನ ದಯವಿಟ್ಟು ಬಿಡಿ. ಈ ಒಂದು ಉತ್ತರ ಓದಿ ಉಳಿದಿದ್ದು ಬಿಟ್ರೂ ನಂಗೆ ಬೇಜಾರಿಲ್ಲ.

ಪ್ಲಾಟ್‌ಫಾರ್ಮ್‌ ಮೇಲೆ ಗೆರೆ ಎಳೆದಿರ್ತಾರೆ, ಅಲ್ಲೇ ಕ್ಯೂ, ಇಳ್ಯೋರು ಪೂರ್ತಿ ಇಳಿದ ಮೇಲೆ ಹತ್ತೋದು. ಬ್ಯಾಕ್‌ಪ್ಯಾಕ್ ಇದ್ರೆ ಎದೆ ಕಡೆ ಹಾಕ್ಕೊಳಿ. ಬೆಳಗ್ಗೆ ರಶ್ ಟೈಮಲ್ಲಿ ಕೆಲವು ಬೋಗಿ ಹೆಂಗಸರಿಗೆ ಮಾತ್ರ, ನೆಲದ ಮೇಲೆ ಗುಲಾಬಿ ಬಣ್ಣದಲ್ಲಿ ಬರೆದಿರತ್ತೆ, ಗಂಡಸರು ಅವಸರದಲ್ಲಿ ನುಗ್ಗಬೇಡಿ. ಊಟ ತಿಂಡಿ ಲೋಕಲ್ ರೈಲಲ್ಲಿ ಬೇಡ, ಶಿಂಕಾನ್ಸೆನ್‌ನಲ್ಲಿ ಆರಾಮಾಗಿ ತಿನ್ನಿ, ಸ್ಟೇಷನ್‌ನಲ್ಲಿ ಅದಕ್ಕಂತಲೇ ಡಬ್ಬಿ ಊಟ ಮಾರ್ತಾರೆ.

ಟೈಮ್ ಬಗ್ಗೆ ಹೇಳ್ಬೇಕಂದ್ರೆ, 2017ರಲ್ಲಿ ಟೋಕಿಯೋ ಹತ್ರದ ತ್ಸುಕುಬಾ ಎಕ್ಸ್‌ಪ್ರೆಸ್ ಲೈನ್‌ನಲ್ಲಿ ಒಂದು ರೈಲು 20 ಸೆಕೆಂಡ್ ಬೇಗ ಹೊರಟುಬಿಡ್ತು ಅಂತ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತ್ತು. ಲೇಟಾಗಿದ್ದಕ್ಕಲ್ಲ, ಬೇಗ ಹೋಗಿದ್ದಕ್ಕೆ! ನೀವು ಯಾರಿಗಾದ್ರೂ "ಆನ್ ದ ವೇ" ಅಂತ ಮೆಸೇಜ್ ಹಾಕೋ ಮುಂಚೆ ಇದನ್ನ ನೆನಪಿಸ್ಕೊಳಿ.

ಎಸ್ಕಲೇಟರ್‌ನಲ್ಲಿ ಎಡಾನಾ ಬಲಾನಾ?

ಟೋಕಿಯೋದಲ್ಲಿ ಎಡಕ್ಕೆ ನಿಲ್ತಾರೆ, ಒಸಾಕಾದಲ್ಲಿ ಬಲಕ್ಕೆ. ಕಾನೂನಿನ ಪ್ರಕಾರ ಕೆಲವು ಕಡೆ ನಡೆಯೋದೇ ತಪ್ಪು, ಸೈತಾಮಾದಲ್ಲಿ 2021ರಿಂದ, ನಗೋಯಾದಲ್ಲಿ 2023ರಿಂದ ನಿಂತೇ ಹೋಗ್ಬೇಕು ಅನ್ನೋ ನಿಯಮ ಇದೆ. ಮುಂದಿರೋರು ಏನ್ ಮಾಡ್ತಾರೋ ಅದನ್ನೇ ಮಾಡಿ.

ದೊಡ್ಡ ದೊಡ್ಡ ಸೂಟ್‌ಕೇಸ್ ತರ್ತಿದೀವಿ, ಪರವಾಗಿಲ್ವಾ?

ತನ್ನಿ, ಆದ್ರೆ ಎಲ್ಲಾ ಕಡೆ ಎಳ್ಕೊಂಡು ಓಡಾಡ್ಬೇಡಿ. ಟೋಕಿಯೋ, ಕ್ಯೋಟೋ, ಒಸಾಕಾ, ಹಿರೋಶಿಮಾ ಕಡೆ ಹೋಗೋ ಶಿಂಕಾನ್ಸೆನ್‌ನಲ್ಲಿ ಉದ್ದ, ಅಗಲ, ಎತ್ತರ ಮೂರೂ ಕೂಡಿಸಿ 160 ಸೆಂಟಿಮೀಟರ್ ದಾಟಿದ್ರೆ ಮೊದ್ಲೇ ಅದಕ್ಕೆ ಜಾಗ ಇರೋ ಸೀಟ್ ಬುಕ್ ಮಾಡ್ಬೇಕು, 2020ರ ಮೇ ತಿಂಗಳಿಂದ ಈ ನಿಯಮ. ಬುಕ್ ಮಾಡುವಾಗ ಎಕ್ಸ್‌ಟ್ರಾ ದುಡ್ಡಿಲ್ಲ, ಮಾಡ್ದೇ ಹತ್ತಿದ್ರೆ 1,000 ಯೆನ್.

ಇದಕ್ಕಿಂತ ಸುಲಭದ ದಾರಿ ಅಂದ್ರೆ ತಕ್ಯುಬಿನ್. ಹೋಟೆಲ್ ಕೌಂಟರ್‌ನಲ್ಲೋ ಏರ್‌ಪೋರ್ಟ್‌ನಲ್ಲೋ ಸೂಟ್‌ಕೇಸ್ ಕೊಟ್ಟುಬಿಟ್ರೆ ಸಾಮಾನ್ಯವಾಗಿ ಮಾರನೇ ದಿನ ಮುಂದಿನ ಊರಿನ ಹೋಟೆಲ್‌ನಲ್ಲಿ ಇರತ್ತೆ. 1976ರಿಂದ ನಡೀತಿರೋ ಪದ್ಧತಿ, ಇಲ್ಲಿನೋರೂ ಹಾಗೇ ಮಾಡೋದು. ಕ್ಯೋಟೋದ ಸಿಟಿ ಬಸ್‌ನಲ್ಲಿ ದಿನಾ ಓಡಾಡೋ ಅಜ್ಜ ಅಜ್ಜೀರಿಗೇ ಹತ್ತೋಕೆ ಜಾಗ ಇರಲ್ಲ, ಅದ್ರಲ್ಲಿ ನಮ್ಮ ನಾಲ್ಕು ಸೂಟ್‌ಕೇಸ್ ತುರುಕಿದ್ರೆ ಹೆಂಗಿರತ್ತೆ ಯೋಚ್ನೆ ಮಾಡಿ.

ಚಾಪ್‌ಸ್ಟಿಕ್‌ನಲ್ಲಿ ತಿನ್ನೋಕೆ ಬರಲ್ಲ, ಏನ್ ಮಾಡೋದು?

ಸ್ಪೂನ್ ಕೇಳಿ, ಕೊಡ್ತಾರೆ. ಸೂಶಿ ಅಂತೂ ಕೈಯಲ್ಲೇ ತಿನ್ಬಹುದು, ಅದು ಇಲ್ಲಿನ ಪದ್ಧತೀನೇ. ಹಿಡಿಯೋ ಸ್ಟೈಲ್ ಹೆಂಗಿದ್ರೂ ನಡಿಯತ್ತೆ, ಎರಡು ಮಾತ್ರ ಮಾಡ್ಬೇಡಿ. ಅನ್ನದ ಬಟ್ಟಲಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸ್ಬೇಡಿ, ಹಾಗೆ ಇಡೋದು ಸತ್ತೋರ ಮುಂದಿಡೋ ಅನ್ನದಲ್ಲಿ. ನಿಮ್ಮ ಚಾಪ್‌ಸ್ಟಿಕ್‌ನಿಂದ ಇನ್ನೊಬ್ಬರ ಚಾಪ್‌ಸ್ಟಿಕ್‌ಗೆ ತಿಂಡಿ ದಾಟಿಸ್ಬೇಡಿ, ಯಾಕಂದ್ರೆ ಇಲ್ಲಿ ದಹನ ಆದ್ಮೇಲೆ ಮನೆಯೋರು ಮೂಳೆಗಳನ್ನ ಚಾಪ್‌ಸ್ಟಿಕ್‌ನಲ್ಲೇ ಎತ್ತಿ ಒಬ್ಬರಿಂದ ಒಬ್ಬರಿಗೆ ದಾಟಿಸಿ ಕುಡಿಕೆಗೆ ಹಾಕ್ತಾರೆ. ಊಟಕ್ಕೆ ಯಾರಾದ್ರೂ ಸತ್ತೋರಿಗೆ ಎಡೆ ಇಡೋ ಹಾಗೆ ಬಾಳೆಎಲೆ ತಿರುಗಿಸಿ ಹಾಕಿದ್ರೆ ನಮ್ಮ ಅಜ್ಜಿ ಮುಖ ಹೆಂಗಾಗತ್ತೋ ಹಂಗೇ ಇದು.

ನೂಡಲ್ಸ್ ಸೊರ್ ಅಂತ ಹೀರ್ಕೊಂಡು ತಿನ್ಬಹುದು. ಸೂಪು, ಅನ್ನದ ಬಟ್ಟಲು ಕೈಯಲ್ಲಿ ಎತ್ಕೊಳ್ಳೋದು ಸರಿಯಾದ ಕ್ರಮ. ಶುರು ಮಾಡೋಕೆ ಮುಂಚೆ "ಇತಾದಾಕಿಮಾಸ್", ಮುಗಿದ ಮೇಲೆ "ಗೊಚಿಸೋಸಮಾ", ಈ ಎರಡು ಹೇಳಿದ್ರೆ ಸಣ್ಣ ಹೋಟ್ಲಿನೋರು ಎಷ್ಟು ಖುಷಿ ಪಡ್ತಾರೆ ಅಂದ್ರೆ ನೀವೇ ನೋಡ್ತೀರ.

ನಾವು ವೆಜಿಟೇರಿಯನ್, ಉಪವಾಸವೇ ಗತಿನಾ?

ಅಷ್ಟೇನಿಲ್ಲ, ಆದ್ರೆ ತಯಾರಿ ಇಲ್ದೆ ಬಂದ್ರೆ ಕಷ್ಟ. ಮುಖ್ಯ ಸಮಸ್ಯೆ ಮಾಂಸ ಅಲ್ಲ, ದಾಶಿ. ಒಣಗಿಸಿದ ಮೀನಿನ ಚೂರಲ್ಲಿ ಕುದಿಸಿ ಮಾಡೋ ಸಾರು ಇದು, ಮಿಸೋ ಸೂಪ್, ಊದೋನ್ ನೂಡಲ್ಸ್, ಟೆಂಪುರಾ ಅದ್ದೋ ಸಾಸ್, ಎಷ್ಟೋ ಸಲ ಬರೀ ತರಕಾರಿ ಪಲ್ಯ ತರ ಕಾಣೋದ್ರಲ್ಲೂ ಇರತ್ತೆ. "ನಾನು ವೆಜಿಟೇರಿಯನ್" ಅಂದ್ರೆ ಅವ್ರು ಮಾಂಸದ ತುಂಡು ಇಲ್ಲದ್ದನ್ನ ಪಾಪ ಬಹಳ ಪ್ರೀತಿಯಿಂದ ತಂದಿಡ್ತಾರೆ, ಮೀನಿನ ಸಾರು ಅವ್ರ ಲೆಕ್ಕಕ್ಕೇ ಬರಲ್ಲ, ಮೋಸ ಮಾಡೋ ಉದ್ದೇಶ ಅಲ್ಲ. ಹಾಗಾಗಿ ಮಾಂಸ, ಮೀನು, ಮೀನಿನ ದಾಶಿ ಮೂರನ್ನೂ ಬಿಡಿಬಿಡಿಯಾಗಿ ಹೆಸರಿಸಿ ಜಪಾನೀಸ್‌ನಲ್ಲಿ ಬರೆದ ಚೀಟಿ ಫೋನಲ್ಲಿ ಇಟ್ಕೊಳಿ. ಪ್ಯಾಕೆಟ್ ಮೇಲೆ ನಮ್ಮ ಹಸಿರು ಚುಕ್ಕಿ ತರ ಕಡ್ಡಾಯದ ಗುರುತು ಇಲ್ಲಿಲ್ಲ, ಹಿಂದೆ ಬರೆದಿರೋದನ್ನ ಕ್ಯಾಮೆರಾ ಟ್ರಾನ್ಸ್‌ಲೇಟರ್‌ನಲ್ಲಿ ಓದ್ಕೋಬೇಕು.

"ಅದನ್ನ ತೆಗ್ದು ಇದನ್ನ ಹಾಕಿ ಕೊಡಿ" ಅನ್ನೋ ನಮ್ಮ ದರ್ಶಿನಿ ಸ್ಟೈಲ್ ಇಲ್ಲಿ ನಡಿಯಲ್ಲ. ಅಡುಗೆಯೋನು ಯೋಚ್ನೆ ಮಾಡಿ ಮಾಡಿದ ತಿಂಡಿ, ಅದನ್ನ ಬದಲಾಯ್ಸೋದು ಅವ್ನಿಗೆ ಧರ್ಮಸಂಕಟ. ಮುಂಚೆ ಫೋನ್ ಮಾಡಿ ಕೇಳಿದ್ರೆ ಆಗತ್ತೋ ಇಲ್ವೋ ಹೇಳ್ತಾರೆ, ಟೇಬಲ್‌ನಲ್ಲಿ ಕೂತು ಚೌಕಾಸಿ ಬೇಡ.

ಎಲ್ಲಿ ತಿನ್ನೋದು ಅಂದ್ರೆ, ಟೋಕಿಯೋ ಸ್ಟೇಷನ್ ಒಳಗೆ ಟೀಸ್ ತಾನ್‌ತಾನ್ ಅಂತ ಪೂರ್ತಿ ವೀಗನ್ ರಾಮೆನ್ ಅಂಗಡಿ ಇದೆ. ಕೋಕೋ ಇಚಿಬಾನ್ಯಾ ಕರಿ ಅಂಗಡಿಯ ಸುಮಾರು ಬ್ರಾಂಚ್‌ಗಳಲ್ಲಿ ವೆಜಿಟೇರಿಯನ್ ಕರಿ ಸಿಗತ್ತೆ. ಟೋಕಿಯೋದಲ್ಲೇ ನಿಶಿ-ಕಸಾಯ್ ಕಡೆ ಭಾರತದೋರು ತುಂಬಾ ಇದಾರೆ, ದಿನಸಿ ಅಂಗಡಿ, ಇಡ್ಲಿ ದೋಸೆ ಎಲ್ಲಾ ಇದೆ. ಆದ್ರೆ ನನ್ನ ಕೇಳಿದ್ರೆ ಒಂದು ರಾತ್ರಿಯಾದ್ರೂ ಕೋಯಾ ಬೆಟ್ಟಕ್ಕೆ ಹೋಗಿ. ಒಸಾಕಾದಿಂದ ರೈಲು, ಆಮೇಲೆ ಕೇಬಲ್ ಕಾರ್. ಕೂಕಾಯ್ ಅನ್ನೋ ಬೌದ್ಧ ಗುರು 9ನೇ ಶತಮಾನದಲ್ಲಿ ಶುರು ಮಾಡಿದ ಕ್ಷೇತ್ರ, ಸುಮಾರು 50 ದೇವಸ್ಥಾನಗಳಲ್ಲಿ ಯಾತ್ರಿಕರು ಉಳ್ಕೋಬಹುದು, ಅಲ್ಲಿ ಕೊಡೋ ಶೋಜಿನ್ ಊಟದಲ್ಲಿ ಮಾಂಸ ಮೀನು ಇರಲಿ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳೀನೂ ಇರಲ್ಲ. ಮಡಿ ಮಾಡೋ ಅತ್ತೆಯೋರನ್ನ ಕರ್ಕೊಂಡು ಬಂದ್ರೂ ಚಿಂತೆ ಇಲ್ಲ.

ಊರಿಂದ ಚಟ್ನಿಪುಡಿ, ಅವಲಕ್ಕಿ, ರೆಡಿಮೇಡ್ ಪ್ಯಾಕೆಟ್ ತನ್ನಿ. ಮಾಂಸದ ಯಾವ್ದೇ ಪದಾರ್ಥ, ಹಸಿ ಕರಿಬೇವು, ಮಾವಿನಹಣ್ಣು ಇವೆಲ್ಲ ಸರ್ಟಿಫಿಕೇಟ್ ಇಲ್ದೆ ಏರ್‌ಪೋರ್ಟ್ ದಾಟಲ್ಲ. ತಂದ ಚಟ್ನಿಪುಡಿ ಹೋಟ್ಲು ಟೇಬಲ್ ಮೇಲೆ ಬಿಚ್ಬೇಡಿ, ರೂಮಲ್ಲಿ ತಿನ್ನಿ.

ಟಿಪ್ಸ್ ಎಷ್ಟು ಕೊಡ್ಬೇಕು? ಬೈ ಟು ಆಗತ್ತಾ? ಉಳಿದಿದ್ದು ಪಾರ್ಸೆಲ್?

ಟಿಪ್ಸ್ ಸೊನ್ನೆ. ಟೇಬಲ್ ಮೇಲೆ ಚಿಲ್ಲರೆ ಬಿಟ್ಟು ಬಂದ್ರೆ ಮರೆತು ಹೋದ್ರು ಅಂದ್ಕೊಂಡು ಹಿಂದೇನೇ ಓಡಿ ಬರ್ತಾರೆ.

ಬೈ ಟು ಕಾಫಿ ಮರೆತುಬಿಡಿ. ಕೆಫೆಗಳಲ್ಲಿ ತಲೆಗೊಂದು ಐಟಂ ಅಂತ ಬಾಗ್ಲಲ್ಲೇ ಬರೆದಿರತ್ತೆ, ಕೂರೋ ಜಾಗಕ್ಕೆ ಕೊಡೋ ಬಾಡಿಗೆ ಅಂದ್ಕೊಳಿ. ಇಜಾಕಾಯಾ ಅಂದ್ರೆ ಇಲ್ಲಿನ ಬಾರ್‌ಗಳಲ್ಲಿ ನೀವು ಕೇಳ್ದೇನೇ ಒಂದು ಪುಟ್ಟ ಬಟ್ಟಲಲ್ಲಿ ಏನೋ ತಂದಿಟ್ಟು ಬಿಲ್‌ನಲ್ಲಿ ಸೇರಿಸ್ತಾರೆ, ಅದಕ್ಕೆ ಒತೋಶಿ ಅಂತಾರೆ, ತಲೆಗೆ ಮುನ್ನೂರು ನಾನೂರು ಯೆನ್ ಆಗತ್ತೆ. ಮೋಸ ಅಂತ ಜಗಳಕ್ಕೆ ನಿಲ್ಬೇಡಿ, ಎಲ್ಲರಿಗೂ ಹಾಕ್ತಾರೆ.

ಉಳಿದಿದ್ದು ಕಟ್ಟಿ ಕೊಡಿ ಅಂದ್ರೆ ಬಹಳ ಕಡೆ ಇಲ್ಲ ಅಂತಾರೆ, ಆಮೇಲೆ ಹೊಟ್ಟೆ ಕೆಟ್ರೆ ತಮ್ಮ ಮೇಲೆ ಬರತ್ತೆ ಅನ್ನೋ ಭಯ. ಬೇಕಾದಷ್ಟೇ ಹೇಳಿ. ಇನ್ನು ಬುಕ್ ಮಾಡಿದ ಟೇಬಲ್‌ಗೆ ಹೋಗಕ್ಕಾಗಲ್ಲ ಅಂದ್ರೆ ಫೋನ್ ಮಾಡಿ ಹೇಳಿ, ಎಂಟು ಸೀಟಿನ ಹೋಟ್ಲಲ್ಲಿ ನಿಮ್ಮ ನಾಲ್ಕು ಸೀಟು ಖಾಲಿ ಬಿದ್ರೆ ಅವತ್ತಿನ ಅರ್ಧ ವ್ಯಾಪಾರ ಹೋದಂಗೆ.

ಅಂಗಡೀಲಿ ದುಡ್ಡು ಕೈಗೆ ಯಾಕೆ ತಗೊಳಲ್ಲ?

ಕೌಂಟರ್ ಮೇಲೆ ಸಣ್ಣ ಟ್ರೇ ಇರತ್ತೆ, ನೋಟು, ಚಿಲ್ಲರೆ, ಕಾರ್ಡು ಅದ್ರಲ್ಲಿಡಿ. ಚೌಕಾಸಿ ಇಲ್ಲ. ತಿಂಡಿ ಪಾನೀಯ ಮನೆಗೆ ಒಯ್ದ್ರೆ ಟ್ಯಾಕ್ಸ್ 8%, ಅಲ್ಲೇ ಕೂತು ತಿಂದ್ರೆ 10%, ಅದಕ್ಕೇ ಕೇಳ್ತಾರೆ, ಸುಳ್ಳು ಹೇಳಿ ಕೂತ್ಕೋಬೇಡಿ. ಪ್ಲಾಸ್ಟಿಕ್ ಕವರ್‌ಗೆ 2020ರ ಜುಲೈನಿಂದ ದುಡ್ಡು, ಒಂದು ಬಟ್ಟೆ ಚೀಲ ಇಟ್ಕೊಳಿ.

ರಸ್ತೇಲಿ ಒಂದು ಕಸದ ಡಬ್ಬೀನೂ ಇಲ್ಲ, ಆದ್ರೂ ಹೆಂಗೆ ಇಷ್ಟು ಕ್ಲೀನು?

1995ರ ಮಾರ್ಚ್‌ನಲ್ಲಿ ಟೋಕಿಯೋ ಸಬ್‌ವೇನಲ್ಲಿ ಸರಿನ್ ವಿಷಾನಿಲ ದಾಳಿ ಆಯ್ತಲ್ಲ, ಅದಾದ್ಮೇಲೆ ಭದ್ರತೆಗೆ ಅಂತ ಸಾರ್ವಜನಿಕ ಜಾಗಗಳಿಂದ ಡಬ್ಬಿಗಳನ್ನ ತೆಗೆದ್ರು, ಜನ ಕಸ ಮನೆಗೆ ಒಯ್ಯೋದು ರೂಢಿ ಆಯ್ತು. ನೀವೂ ಬ್ಯಾಗಲ್ಲಿ ಒಂದು ಖಾಲಿ ಕವರ್ ಇಟ್ಕೊಳಿ, ರಾತ್ರಿ ಹೋಟೆಲ್ ರೂಮಲ್ಲಿ ಹಾಕಿ. ಏನಾದ್ರೂ ಕೊಂಡ ಅಂಗಡೀಲೇ ನಿಂತು ತಿಂದು ಕಡ್ಡಿ ಕಾಗದ ಅಲ್ಲೇ ಕೊಟ್ಟು ಬರೋದು ಇನ್ನೂ ಒಳ್ಳೇದು. ನಡ್ಕೊಂಡು ತಿನ್ನೋದು ಬೇಡ ಅಂತ ಕಾಮಾಕುರಾ ಊರಲ್ಲಿ 2019ರಿಂದ ನಿಯಮಾನೇ ಇದೆ, ದಂಡ ಇಲ್ಲ ಅಷ್ಟೇ. ಸಿಗರೇಟ್‌ಗೆ ಬೇರೆ ಜಾಗ, ಟೋಕಿಯೋದ ಚಿಯೋದಾ ವಾರ್ಡ್‌ನಲ್ಲಿ 2002ರಿಂದಲೇ ರಸ್ತೇಲಿ ಸೇದಿದ್ರೆ ದಂಡ. ಶಿಬುಯಾ ಸ್ಟೇಷನ್ ಸುತ್ತ ರಸ್ತೇಲಿ ಸಂಜೆ 6ರಿಂದ ಬೆಳಗ್ಗೆ 5ರವರೆಗೆ ಬಿಯರ್ ಕ್ಯಾನ್ ಹಿಡ್ಕೊಂಡು ಕುಡಿಯೋ ಹಾಗಿಲ್ಲ.

ಹೋಟೆಲ್ ಬಿಟ್ಟು ಬಾಡಿಗೆ ಮನೇಲಿ ಉಳ್ಕೊಂಡ್ರೆ ಕಸ ವಿಂಗಡಣೆ ಪೂರ್ತಿ ನಿಮ್ಮದೇ. ಸುಡೋ ಕಸ, ಸುಡದ ಕಸ, ಪ್ಲಾಸ್ಟಿಕ್, ಬಾಟ್ಲಿ, ಬಾಟ್ಲಿಯ ಲೇಬಲ್ ಮುಚ್ಚಳ ಬೇರೆ, ಒಂದೊಂದಕ್ಕೂ ಬೇರೆ ಬೇರೆ ದಿನ. ಶಿಕೋಕು ದ್ವೀಪದ ಕಾಮಿಕಾತ್ಸು ಅನ್ನೋ ಊರಲ್ಲಿ 40ಕ್ಕೂ ಹೆಚ್ಚು ತರ ವಿಂಗಡಿಸ್ತಾರೆ, ನಮಗೆ ಹಸಿ ಕಸ ಒಣ ಕಸಕ್ಕೇ ಉಸಿರು ಕಟ್ಟತ್ತೆ.

ಟಾಯ್ಲೆಟ್ ಬಗ್ಗೆ ಕೇಳೋಕೆ ನಾಚಿಕೆ, ಆದ್ರೂ…

ನಾಚಿಕೆ ಬೇಡ, ಎಲ್ಲರೂ ಕೇಳ್ತಾರೆ. ನೀರು ಇದೆ! ಅಮೆರಿಕಾ ಯೂರೋಪ್ ತರ ಒದ್ದಾಡ್ಬೇಕಿಲ್ಲ. ಸೀಟಿನ ಪಕ್ಕ ಬಟನ್ ಇರತ್ತೆ, ಕೂತ ಮೇಲೇ ಒತ್ತಿ, ನಿಂತು ಕುತೂಹಲಕ್ಕೆ ಒತ್ತಿದ್ರೆ ಎದುರಿನ ಗೋಡೆಗೆ ಅಭಿಷೇಕ. ಒತ್ತೋ ಮುಂಚೆ ಸ್ಟಾಪ್ ಬಟನ್ ಯಾವ್ದು ನೋಡ್ಕೊಳಿ, ಸಾಮಾನ್ಯವಾಗಿ ಚೌಕ ಗುರುತಿರತ್ತೆ. ಸ್ಪೀಕರ್ ಅಥವಾ ಸಂಗೀತದ ಗುರುತಿರೋ ಬಟನ್ ಒತ್ತಿದ್ರೆ ನೀರು ಹರಿಯೋ ಸದ್ದು ಬರತ್ತೆ, ಹೊರಗೆ ಏನೂ ಕೇಳ್ಬಾರ್ದು ಅಂತ. ಪೇಪರ್ ಕಮೋಡ್‌ಗೇ ಹಾಕಿ ಫ್ಲಶ್ ಮಾಡಿ, ಬುಟ್ಟಿಗಲ್ಲ. ಕೈ ಒರೆಸ್ಕೊಳ್ಳೋಕೆ ಬಹಳ ಕಡೆ ಏನೂ ಇರಲ್ಲ, ಕರ್ಚೀಫ್ ಬೇಕೇ ಬೇಕು.

ಒನ್ಸೆನ್‌ನಲ್ಲಿ ನಿಜವಾಗ್ಲೂ ಬಟ್ಟೆ ಇಲ್ದೆ ಇಳೀಬೇಕಾ?

ಹೌದು. ಬಿಸಿನೀರ ಬುಗ್ಗೆಯ ಸ್ನಾನದ ಮನೇಲಿ ಸ್ವಿಮ್‌ಸೂಟ್ ಹಾಕ್ಕೊಂಡು ಇಳಿಯೋ ಹಾಗಿಲ್ಲ. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಇರತ್ತೆ, ಪರದೆ ಬಣ್ಣ ನೋಡಿ, ಸಾಮಾನ್ಯವಾಗಿ ನೀಲಿ ಗಂಡಸರದ್ದು, ಕೆಂಪು ಹೆಂಗಸರದ್ದು. ಕೆಲವು ಕಡೆ ರಾತ್ರಿ ಬೆಳಗಾಗೋದ್ರೊಳಗೆ ಎರಡನ್ನೂ ಅದಲು ಬದಲು ಮಾಡ್ತಾರೆ, ಹಾಗಾಗಿ ನಿನ್ನೆ ಹೋದ ಬಾಗ್ಲಿಗೇ ಕಣ್ಮುಚ್ಕೊಂಡು ಹೋಗ್ಬೇಡಿ.

ಕ್ರಮ ಹೀಗೆ. ಮೊದ್ಲು ಸಣ್ಣ ಸ್ಟೂಲ್ ಮೇಲೆ ಕೂತು ಸೋಪು ಹಾಕಿ ಪೂರ್ತಿ ಸ್ನಾನ ಮಾಡಿ, ನೊರೆ ಎಲ್ಲಾ ತೊಳ್ಕೊಂಡ ಮೇಲೆ ತೊಟ್ಟಿಗೆ ಇಳಿಯೋದು. ಆ ನೀರು ಕೊಳೆ ತೊಳಿಯೋಕಲ್ಲ, ಸುಮ್ನೆ ಕೂರೋಕೆ. ಉದ್ದ ಕೂದ್ಲು ಮೇಲೆ ಕಟ್ಟಿ, ಟವೆಲ್ ನೀರಿಗೆ ಅದ್ದಬೇಡಿ, ಎಲ್ಲರೂ ತಲೆ ಮೇಲೆ ಮಡಿಸಿ ಇಟ್ಕೊಂಡಿರೋದು ಅದಕ್ಕೇ. ಈಜಾಡ್ಬೇಡಿ. ನೀರು 40–42 ಡಿಗ್ರಿ ಇರತ್ತೆ, ಬಿ.ಪಿ. ಇರೋರು ಹತ್ತು ನಿಮಿಷಕ್ಕೆ ಎದ್ದುಬಿಡಿ. ಗಂಧಕದ ನೀರಾದ್ರೆ ಬೆಳ್ಳಿ ಕಾಲುಂಗುರ, ಗೆಜ್ಜೆ ಕಪ್ಪಾಗತ್ತೆ, ಬಿಚ್ಚಿಟ್ಟು ಹೋಗಿ.

ಟ್ಯಾಟೂ ದೊಡ್ಡ ರಗಳೆ. ಇಲ್ಲಿ ಅದು ಯಾಕುಜಾ ಅಂದ್ರೆ ಮಾಫಿಯಾ ಗುರುತು ಅನ್ನೋ ಹಳೇ ಭಾವನೆ, ಬಹಳ ಕಡೆ ಬಿಡಲ್ಲ. 2013ರಲ್ಲಿ ಹೊಕ್ಕೈಡೋದಲ್ಲಿ ನ್ಯೂಜಿಲೆಂಡ್‌ನ ಮಾವೋರಿ ಮಹಿಳೆಯೊಬ್ಬರನ್ನ, ಮುಖದ ಮೇಲೆ ಅವ್ರ ಸಂಪ್ರದಾಯದ ಹಚ್ಚೆ ಇತ್ತು ಅಂತ ವಾಪಸ್ ಕಳ್ಸಿ ದೊಡ್ಡ ಸುದ್ದಿ ಆಗಿತ್ತು. ಅಂದ್ರೆ ನಮ್ಮ ಅಜ್ಜಿ ಕೈ ಮೇಲಿನ ಹಸಿರು ಹಚ್ಚೆಗೂ ಪ್ರಶ್ನೆ ಬರ್ಬಹುದು, ಹೊಸದಾಗಿ ಮದುವೆ ಆಗಿ ಬರೋರ ಮೆಹಂದೀನೂ ದೂರದಿಂದ ಟ್ಯಾಟೂ ತರಾನೇ ಕಾಣತ್ತೆ. ಮೊದ್ಲೇ ಕೇಳಿ. ಸಣ್ಣದಾದ್ರೆ ಮುಚ್ಚೋಕೆ ಸ್ಟಿಕ್ಕರ್ ಸಿಗತ್ತೆ, ಇಲ್ಲಾಂದ್ರೆ ಗಂಟೆ ಲೆಕ್ಕದಲ್ಲಿ ಕುಟುಂಬಕ್ಕೆ ಮಾತ್ರ ಕೊಡೋ ಪ್ರೈವೇಟ್ ಸ್ನಾನದ ಮನೆ ತಗೊಳಿ. ಬಟ್ಟೆ ಇಲ್ದೆ ನಾಚಿಕೆ ಆಗತ್ತೆ ಅನ್ನೋರಿಗೂ ಅದೇ ಉಪಾಯ, ನಮ್ಮೋರು ಮುಕ್ಕಾಲು ಪಾಲು ಅದನ್ನೇ ಮಾಡೋದು.

ದೇವಸ್ಥಾನಗಳಲ್ಲಿ ಪದ್ಧತಿ ಏನು? ನಾವು ಹೋಗ್ಬಹುದಾ?

ಧಾರಾಳವಾಗಿ. ಎರಡು ತರ ಇದೆ. ಮುಂದೆ ತೋರಿ ಅನ್ನೋ ಕಮಾನು ಇದ್ರೆ ಶಿಂತೋ, ಅಂದ್ರೆ ಜಪಾನಿನ ಸ್ವಂತ ಹಳೇ ಧರ್ಮದ ಗುಡಿ, ಅಲ್ಲಿ ಚಪ್ಪಾಳೆ ತಟ್ತಾರೆ. ಬುದ್ಧ ವಿಹಾರ ಆದ್ರೆ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗಿಯೋದು. ಅಸಾಕುಸಾದ ಸೆನ್ಸೋಜಿ ಎರಡನೇ ತರದ್ದು, ಅಲ್ಲಿ ನಮ್ಮೋರು ಚಪ್ಪಾಳೆ ತಟ್ಟೋದು ದಿನಾ ನೋಡ್ಬಹುದು.

ಶಿಂತೋ ಗುಡಿಗೆ ಹೋಗುವಾಗ ಕಮಾನಿನ ಹತ್ರ ಸ್ವಲ್ಪ ತಲೆ ಬಗ್ಗಿಸಿ, ದಾರಿಯ ನಡುಭಾಗ ದೇವ್ರಿಗೆ, ನೀವು ಪಕ್ಕದಲ್ಲಿ ನಡೀರಿ. ತೊಟ್ಟಿ ಹತ್ರ ಸೌಟಲ್ಲಿ ನೀರು ತಗೊಂಡು ಎಡಗೈ, ಬಲಗೈ ತೊಳ್ದು, ಅಂಗೈಲಿ ನೀರು ಹಾಕ್ಕೊಂಡು ಬಾಯಿ ಮುಕ್ಕಳಿಸಿ ಪಕ್ಕಕ್ಕೆ ಉಗುಳಿ, ಸೌಟಿಗೆ ನೇರ ಬಾಯಿ ಇಡ್ಬೇಡಿ. ಆಮೇಲೆ ಪೆಟ್ಟಿಗೆಗೆ ನಾಣ್ಯ, 5 ಯೆನ್ ಶುಭ ಅಂತಾರೆ. ಎರಡು ಸಲ ಬಗ್ಗಿ, ಎರಡು ಚಪ್ಪಾಳೆ, ಮನಸಲ್ಲಿ ಬೇಡ್ಕೊಂಡು, ಇನ್ನೊಂದು ಸಲ ಬಗ್ಗಿ. ಇಜುಮೋದ ದೊಡ್ಡ ಗುಡಿಯಂಥ ಕೆಲವು ಕಡೆ ಮಾತ್ರ ನಾಲ್ಕು ಚಪ್ಪಾಳೆ. ಪ್ರದಕ್ಷಿಣೆ, ತೆಂಗಿನಕಾಯಿ, ಕುಂಕುಮ ಏನೂ ಇಲ್ಲ, ವಿಗ್ರಹಕ್ಕೆ ಕೈ ಮುಟ್ಟಿಸ್ಬೇಡಿ.

ನಮಗೆ ಬೇರೆಯೋರಿಗಿಂತ ಒಂದು ಖುಷಿ ಜಾಸ್ತಿ ಇದೆ ಇಲ್ಲಿ. ಬೌದ್ಧ ಧರ್ಮದ ಜೊತೆ ನಮ್ಮ ದೇವ್ರುಗಳೂ ಚೀನಾ ದಾರೀಲಿ ಇಲ್ಲಿಗೆ ಬಂದಿದಾರೆ. ವೀಣೆ ತರದ ವಾದ್ಯ ಹಿಡ್ದ ಬೆನ್‌ಜೈತೆನ್ ಅಂದ್ರೆ ಸರಸ್ವತಿ, ಸಾಮಾನ್ಯವಾಗಿ ನೀರಿನ ಪಕ್ಕದಲ್ಲೇ ಇರ್ತಾಳೆ, ಟೋಕಿಯೋ ಹತ್ರ ಎನೋಶಿಮಾ ದ್ವೀಪದಲ್ಲಿ ನೋಡಿ. ಕಿಚಿಜೋತೆನ್ ಅಂದ್ರೆ ಲಕ್ಷ್ಮಿ. ಅಸಾಕುಸಾದಿಂದ ನಡ್ಕೊಂಡು ಹೋಗೋ ದೂರದಲ್ಲಿ ಮಾತ್ಸುಚಿಯಾಮಾ ಶೋದೆನ್ ಅಂತ ಇದೆ, ಅಲ್ಲಿರೋದು ನಮ್ಮ ಗಣಪ. ಗರಿಕೆ ಕಡುಬು ಇಲ್ಲ, ಮೂಲಂಗಿ ಅರ್ಪಿಸ್ತಾರೆ! ಮೂರ್ತಿ ಮಾತ್ರ ಗುಪ್ತ, ಕಾಣ್ಸಲ್ಲ, ತೋರ್ಸಿ ಅಂತ ಕೇಳ್ಬೇಡಿ.

ಫೋಟೋ ವಿಡಿಯೋ ಎಲ್ಲಿ ತೆಗೀಬಾರ್ದು?

ಜನರ ಮುಖ ಕೇಳ್ದೆ ತೆಗ್ಯೋದು, ಅದ್ರಲ್ಲೂ ಮಕ್ಕಳದ್ದು, ಬೇಡ. ಅಂಗಡಿ ಒಳಗೆ ಕೇಳಿ. ಕ್ಯೋಟೋದ ಗಿಯೋನ್‌ನಲ್ಲಿ ಕಿಮೋನೋ ಹಾಕ್ಕೊಂಡು ಕೆಲಸಕ್ಕೆ ಹೋಗ್ತಿರೋ ಮೈಕೋ, ಅಂದ್ರೆ ಗೇಶಾ ಆಗೋಕೆ ಕಲೀತಿರೋ ಹುಡುಗೀರನ್ನ ಪ್ರವಾಸಿಗರು ಹಿಂಬಾಲಿಸಿ, ತೋಳು ಎಳ್ದು ಕಾಟ ಕೊಟ್ಟಿದ್ದಕ್ಕೆ 2024ರಲ್ಲಿ ಅಲ್ಲಿನ ಖಾಸಗಿ ಗಲ್ಲಿಗಳಿಗೆ ಪ್ರವೇಶಾನೇ ನಿಲ್ಲಿಸಿದ್ರು, ಒಳಗೆ ಹೋದ್ರೆ 10,000 ಯೆನ್ ದಂಡ ಅಂತ ಬೋರ್ಡ್ ಇದೆ. ಅದೇ ವರ್ಷ ಫುಜಿ ಪರ್ವತದ ಹತ್ರ ಫುಜಿಕಾವಾಗುಚಿಕೋ ಊರಲ್ಲಿ ಒಂದು ಅಂಗಡಿ ಹಿಂದೆ ಪರ್ವತ ಚೆನ್ನಾಗಿ ಕಾಣತ್ತೆ ಅಂತ ಜನ ರಸ್ತೆಗೆ ನುಗ್ಗಿ, ಪಕ್ಕದ ಡೆಂಟಿಸ್ಟ್ ಕ್ಲಿನಿಕ್‌ನ ಜಾಗಕ್ಕೆಲ್ಲ ಹತ್ತಿ, ಕೊನೆಗೆ ಊರಿನೋರು ಪರ್ವತಾನೇ ಕಾಣದಂಗೆ ಕಪ್ಪು ಪರದೆ ಕಟ್ಟಿದ್ರು. ಆಮೇಲೆ ತೆಗೆದ್ರು ಬಿಡಿ, ಆದ್ರೆ ಬಾಯ್ಬಿಟ್ಟು ಬೈಯದ ಜನ ಪರದೆ ಕಟ್ಟೋ ಮಟ್ಟಕ್ಕೆ ಬಂದಿದಾರೆ ಅಂದ್ರೆ ಲೆಕ್ಕ ಹಾಕ್ಕೊಳಿ.

ಶೀತ ಆದ್ರೆ?

ಮಾಸ್ಕ್ ಹಾಕಿ. ಎಲ್ಲರ ಮುಂದೆ ಜೋರಾಗಿ ಸಿಂಬಳ ತೆಗೀಬೇಡಿ, ಟಾಯ್ಲೆಟ್‌ಗೆ ಹೋಗಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಸೀಡರ್ ಮರದ ಪರಾಗದ ಅಲರ್ಜಿ, ಆವಾಗ ಅರ್ಧ ಊರು ಮಾಸ್ಕಲ್ಲೇ ಇರತ್ತೆ.

ಜಪಾನೀಸ್ ಸ್ನೇಹಿತರ ಮನೆಗೆ ಕರೆದಿದಾರೆ, ಏನ್ ತಗೊಂಡು ಹೋಗ್ಲಿ?

ಮನೆಗೆ ಕರೆಯೋದೇ ಅಪರೂಪ, ದೊಡ್ಡ ಗೌರವ ಅಂದ್ಕೊಳಿ. ಹೇಳಿದ ಟೈಮ್‌ಗೋ ಎರಡು ಮೂರು ನಿಮಿಷ ಆದ್ಮೇಲೋ ಹೋಗಿ, ಬೇಗ ಹೋಗ್ಬೇಡಿ, ಅವ್ರು ಇನ್ನೂ ಮನೆ ಒರೆಸ್ತಿರ್ತಾರೆ. ಕೈ ಬೀಸ್ಕೊಂಡು ಹೋಗ್ಬಾರ್ದು. ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿ, ಚನ್ನಪಟ್ಟಣದ ಗೊಂಬೆ, ಅಗರಬತ್ತಿ ಚೆನ್ನಾಗಿರತ್ತೆ. ಸ್ವೀಟ್ ಒಯ್ಯೋದಾದ್ರೆ ಇವ್ರಿಗೆ ನಮ್ಮ ಸಿಹಿ ಬಹಳ ಜಾಸ್ತಿ ಅನ್ಸತ್ತೆ, ತುಪ್ಪ ಸೋರೋ ಮೈಸೂರ್ ಪಾಕ್ ಒಂದು ಕೇಜಿ ಕೊಟ್ರೆ ಏನ್ ಮಾಡ್ಬೇಕು ಅಂತ ಗಾಬರಿ ಆಗ್ತಾರೆ, ಒಂದೊಂದೇ ಕವರ್‌ನಲ್ಲಿರೋ ಸಣ್ಣ ಸಣ್ಣ ಪೀಸ್ ವಾಸಿ. ನಾಲ್ಕು, ಒಂಬತ್ತು ಸಂಖ್ಯೇಲಿ ಕೊಡ್ಬೇಡಿ, ಅಶುಭ. ಎರಡೂ ಕೈಯಲ್ಲಿ ಕೊಡಿ. ಅವ್ರು ಬೇಡ ಬೇಡ ಅಂತಾರೆ, ನಮ್ಮ ಹಾಗೇ, ಇನ್ನೊಂದು ಸಲ ಹೇಳಿದ್ರೆ ತಗೋತಾರೆ. ನಿಮ್ಮೆದುರು ಬಿಚ್ಚದೇ ಇದ್ರೆ ಇಷ್ಟ ಆಗಿಲ್ಲ ಅಂತಲ್ಲ.

ರಾತ್ರಿ ಅಲ್ಲೇ ಉಳ್ಕೊಂಡ್ರೆ ಸ್ನಾನದ ತೊಟ್ಟಿ ನೀರು ಮನೆಯೋರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಳಸೋದು. ಅತಿಥಿಗೆ ಮೊದಲ ಸರದಿ ಕೊಡ್ತಾರೆ. ಹೊರಗೆ ಸೋಪು ಹಾಕಿ ತೊಳ್ಕೊಂಡು ಇಳೀರಿ, ಎದ್ದ ಮೇಲೆ ಬಿರಡೆ ತೆಗ್ದು ನೀರು ಖಾಲಿ ಮಾಡ್ಬೇಡಿ!

ಆಫೀಸ್ ಕೆಲಸಕ್ಕೆ ಬರ್ತಿದೀನಿ, ಮುಖ್ಯವಾಗಿ ಏನ್ ಗೊತ್ತಿರ್ಬೇಕು?

ಬಿಡದಿ ಟೊಯೋಟಾ ಕಡೆ ಕೆಲಸ ಮಾಡಿದೋರಿಗೆ ಇದ್ರಲ್ಲಿ ಅರ್ಧ ಆಗ್ಲೇ ಗೊತ್ತಿರತ್ತೆ. ಮೀಟಿಂಗ್‌ಗೆ ಐದು ಹತ್ತು ನಿಮಿಷ ಮುಂಚೆ ಇರಿ. ವಿಸಿಟಿಂಗ್ ಕಾರ್ಡ್ ಜಾಸ್ತಿ ತನ್ನಿ, ಎದ್ದು ನಿಂತು ಎರಡೂ ಕೈಯಲ್ಲಿ, ಅಕ್ಷರ ಅವ್ರಿಗೆ ಓದೋ ಹಾಗೆ ತಿರುಗಿಸಿ ಕೊಡಿ. ಅವ್ರದ್ದನ್ನ ತಗೊಂಡು ಓದಿ, ಮೀಟಿಂಗ್ ಮುಗಿಯೋವರೆಗೂ ಟೇಬಲ್ ಮೇಲೆ ಇಟ್ಕೊಳಿ, ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿ ಅದ್ರ ಮೇಲೇ ಕೂರ್ಬೇಡಿ.

ಎಲ್ಲಕ್ಕಿಂತ ಮುಖ್ಯ, ನೀವು ಮಾತಾಡುವಾಗ ಅವ್ರು "ಹಾಯ್, ಹಾಯ್" (ಹೌದು, ಹೌದು) ಅಂತ ತಲೆ ಆಡಿಸ್ತಿದ್ರೆ ಒಪ್ಕೊಂಡ್ರು ಅಂತ ಊರಿಗೆ ಮೇಲ್ ಹಾಕ್ಬೇಡಿ. ಕೇಳಿಸ್ಕೋತಿದೀನಿ ಅಂತ ಅಷ್ಟೇ. ಮುಖಕ್ಕೆ ಹೊಡೆದಂಗೆ "ಆಗಲ್ಲ" ಅನ್ನಲ್ಲ, "ಸ್ವಲ್ಪ ಕಷ್ಟ", "ಯೋಚ್ನೆ ಮಾಡ್ತೀವಿ" ಅಂತ ಹಲ್ಲಿನ ಸಂದಿಯಲ್ಲಿ ಉಸಿರು ಎಳ್ಕೊಂಡ್ರೆ ಬಹುತೇಕ ಆಗಲ್ಲ ಅಂತಾನೇ ಅರ್ಥ. ಆಮೇಲೆ ಒಬ್ಬೊಬ್ಬರನ್ನೇ ಕೇಳಿ, ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ಒತ್ತಾಯ ಮಾಡ್ಬೇಡಿ.

ಸಂಜೆ ಪಾರ್ಟಿಗೆ ಕರೀತಾರೆ, ನಾನು ಕುಡಿಯಲ್ಲ

ಹೋಗಿ, ಊಲಾಂಗ್ ಟೀ ಹೇಳಿ, ಯಾರೂ ಬಲವಂತ ಮಾಡಲ್ಲ. ಎಲ್ಲರ ಗ್ಲಾಸ್ ಬಂದು "ಕಾನ್‌ಪೈ" ಅನ್ನೋವರೆಗೆ ಕುಡೀಬೇಡಿ. ಅವ್ರವ್ರ ಗ್ಲಾಸ್ ಅವ್ರೇ ತುಂಬ್ಕೊಳಲ್ಲ, ಪಕ್ಕದೋರಿಗೆ ನೀವು ಹಾಕಿ, ನಿಮಗೆ ಅವ್ರು ಹಾಕ್ತಾರೆ. ಅಲ್ಲಿ ಬಾಸ್ ಏನೇ ಹಾಡಿರಲಿ ಕುಣಿದಿರಲಿ, ಬೆಳಗ್ಗೆ ಆಫೀಸಲ್ಲಿ ಆ ಮಾತು ಎತ್ತಲ್ಲ.

ಟ್ಯಾಕ್ಸಿ?

ಹಿಂದಿನ ಬಾಗ್ಲು ತಾನಾಗೇ ತೆಗ್ಯತ್ತೆ, ತಾನಾಗೇ ಮುಚ್ಚತ್ತೆ. ಕೈ ಹಾಕ್ಬೇಡಿ, ಧಡಾರ್ ಅಂತಂತೂ ಹಾಕ್ಬೇಡಿ.

ಏನಾದ್ರೂ ಕಳ್ದು ಹೋದ್ರೆ?

ಹತ್ರದ ಕೋಬಾನ್ ಅಂದ್ರೆ ಪುಟ್ಟ ಪೊಲೀಸ್ ಚೌಕಿಗೆ ಹೋಗಿ ಹೇಳಿ, ರೈಲಲ್ಲಾದ್ರೆ ಸ್ಟೇಷನ್ ಆಫೀಸಿಗೆ. ಪರ್ಸು, ಫೋನು ವಾಪಸ್ ಸಿಗೋ ಚಾನ್ಸ್ ನಿಜವಾಗ್ಲೂ ಜಾಸ್ತಿ, ಕೊಡೆ ಮಾತ್ರ ಮರೆತುಬಿಡಿ. ನಿಮಗೇ ಏನಾದ್ರೂ ಬಿದ್ದಿದ್ದು ಸಿಕ್ಕಿದ್ರೆ ಅಲ್ಲೇ ಕಣ್ಣಿಗೆ ಕಾಣೋ ಹಾಗೆ ಪಕ್ಕಕ್ಕೆ ಇಡಿ, ಇಲ್ಲಾ ಕೋಬಾನ್‌ಗೆ ಕೊಡಿ. ಟೂರಿಸ್ಟ್‌ಗಳು ಪಾಸ್‌ಪೋರ್ಟ್ ಯಾವಾಗ್ಲೂ ಜೊತೇಲಿ ಇಟ್ಕೊಂಡಿರ್ಬೇಕು ಅನ್ನೋದು ಕಾನೂನು, ಝೆರಾಕ್ಸ್ ನಡಿಯಲ್ಲ, ಕಳೆದುಹೋದ್ರೆ ಕೋಬಾನ್‌ನಲ್ಲಿ ರಿಪೋರ್ಟ್ ಕೊಟ್ಟು ಟೋಕಿಯೋದ ನಮ್ಮ ಎಂಬಸಿಗೋ ಒಸಾಕಾದ ಕಾನ್ಸುಲೇಟ್‌ಗೋ ಹೋಗ್ಬೇಕು. ಪೊಲೀಸ್ 110, ಆಂಬ್ಯುಲೆನ್ಸ್ ಮತ್ತು ಫೈರ್ 119.